ನಡಕ, ನಡುಕ ಮತ್ತು ನಮ್ಮ ಮಾವ

ನಮ್ಮ ಸೋದರಮಾವ ಮೆಡಿಕಲ್ ಶಾಪ್ ತೆರೆದದ್ದು ಮಾತ್ರೆ ಮಾರಬಾರದು ಎಂಬ ಒಂದೇ ಉದ್ದೇಶದಿಂದ! ಹೀಗೆಂದರೆ ನೀವು ನಂಬುವುದಿಲ್ಲ, ಗೊತ್ತು. ನಂಬಬೇಡಿ. ನಾನೂ ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ. ವಿಶ್ವವಿದ್ಯಾಲಯದಲ್ಲಿ ಮೂರು ವಿಷಯಗಳನ್ನು ಹಿಡಿದು, ಬಿಟ್ಟು, ಕೊನೆಗೆ ಸಂಖ್ಯಾಶಾಸ್ತ್ರಕ್ಕೆ ತಗಲಿಕೊಂಡವನು ನಾನು. ಈಗ ಅನಂತಪುರದ ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಯಾರಾದರೂ 'ನಮ್ಮೂರ ಬಾವಿ ನೀರು ಕುಡಿದರೆ ಕೀಲುನೋವು ಹೋಗುತ್ತದೆ' ಎಂದರೆ, 'ಕುಡಿಯದವರ ಕೀಲನ್ನೂ ನೋಡಿದ್ದೀರಾ?' ಎಂದು ಕೇಳಿ ಸ್ನೇಹ ಕೆಡಿಸಿಕೊಳ್ಳುವುದು ನನ್ನ ಹುಟ್ಟುಗುಣ. ಪರರ ಮಾತಿನ ಮೇಲಿದ್ದ ಈ ಅನುಮಾನ ಇತ್ತೀಚೆಗೆ ನನ್ನ ನೆನಪಿನ ಮೇಲೂ ಹಬ್ಬಿಕೊಂಡಿದೆ. ಮಾವ ಬಿಳಿ ಕೋಟು ತೊಟ್ಟು ಕೌಂಟರಿನ ಹಿಂದೆ ನಿಂತಿರುವ ಚಿತ್ರ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ತಂಗಿಗೆ ಫೋನಿನಲ್ಲಿ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಅಣ್ಣಾ, ಮಾವ ಯಾವತ್ತು ಕೋಟು ಹಾಕಿದ್ದ? ಬಿಳಿ ಕೋಟು ಹಾಕ್ಕಂತಿದ್ದದ್ದು ಪಕ್ಕದ ಕಟಿಂಗ್ ಶಾಪಿನೋನು!"

ಇಂಥ ನೆನಪನ್ನು ನಂಬಿಕೊಂಡು ಬರೆಯಲು ಕೂತಿದ್ದೇನೆ. ಆದ್ದರಿಂದ ತಂಗಿ ಒಪ್ಪಿದ್ದನ್ನು ಧೈರ್ಯವಾಗಿ ಬರೆಯುತ್ತೇನೆ. ಒಪ್ಪದಿದ್ದನ್ನು ಅವಳ ತಕರಾರಿನ ಸಮೇತ ಬರೆಯುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಇಬ್ಬರ ನೆನಪೂ ಒಂದೇ. ಅರ್ಧ ಹಿಂದೂಪುರವನ್ನು ಕಾಲ್ನಡಿಗೆಯಲ್ಲಿ ನಡೆಸಿದ ನಮ್ಮ ಮಾವನಿಗೆ ತನ್ನ ಒಡಹುಟ್ಟಿದ ಅಕ್ಕನನ್ನು, ಅಂದರೆ ನಮ್ಮ ಅಮ್ಮನನ್ನು, ಹೊಸ್ತಿಲು ದಾಟಿಸಲು ಆಗಲಿಲ್ಲ. ಅಪ್ಪ ಹೋದ ಮೇಲೆ ಕಲ್ಯಾಣದುರ್ಗದ ಮನೆಯಲ್ಲಿ ಕುಳಿತ ಅಮ್ಮ ಏಳಲೇ ಇಲ್ಲ. ಬೀದಿಗೆ ಬರಲಿಲ್ಲ, ಅಂಗಡಿಗೆ ಹೋಗಲಿಲ್ಲ, ಎದುರು ಮನೆಯ ಜಗಲಿಗೂ ದಾಟಲಿಲ್ಲ. ದಿನ ಕಳೆದಂತೆ ಕುಗ್ಗುತ್ತಾ ಬಂದಳು. ಆಕೆಯನ್ನು ಎಬ್ಬಿಸದೆ ಬಿಡುವುದಿಲ್ಲ ಎಂದು ಮಾವ ಪಣ ತೊಟ್ಟ. ಎಬ್ಬಿಸಿದನೋ ಇಲ್ಲವೋ ಹೇಳುತ್ತೇನೆ, ಆದರೆ ಅದಕ್ಕೆ ಮೊದಲು ಹಿಂದೂಪುರಕ್ಕೆ ಒಮ್ಮೆ ಹೋಗಿಬರಬೇಕು. ಎಂಥ ಆಸಾಮಿ ಎಂದು ನಿಮಗೂ ತಿಳಿಯಬೇಕಲ್ಲ!

ಮಾವನ ಅಂಗಡಿ ಇದ್ದದ್ದು ಹಿಂದೂಪುರ ಪೇಟೆಯ ಒಳಬೀದಿಯೊಂದರಲ್ಲಿ. ಉಳಿದ ಮೆಡಿಕಲ್ ಶಾಪುಗಳ ಮುಂದೆ ಗಿರಾಕಿಗಳು ಕೂರಲು ಒಂದು ಬೆಂಚು ಇರುತ್ತದಲ್ಲ, ಮಾವ ಅಂಗಡಿ ತೆರೆದ ವಾರದಲ್ಲೇ ಅದನ್ನು ಎತ್ತಿ ಪಕ್ಕದ ಕಟಿಂಗ್ ಶಾಪಿಗೆ ದಾನ ಮಾಡಿಬಿಟ್ಟ.

"ಕಾಯ್ಲೆ ಹುಟ್ಟೋದೇ ಬೆಂಚಿನ ಮ್ಯಾಲೆ ಕಣಪ್ಪ. ಅದನ್ನ ತಂದು ಔಷ್ದಿ ಅಂಗ್ಡಿ ಮುಂದೇನೇ ಇಟ್ಕಂಡ್ರೆ ಹೆಂಗೆ?"

ಕೂರುವುದರ ಬಗ್ಗೆ ಮಾವನದೊಂದು ಇತಿಹಾಸದ ಸಿದ್ಧಾಂತವೂ ಇತ್ತು. ನಮ್ಮದು ನೇಕಾರರ ಮನೆತನ. "ನಮ್ ತಾತ ಮಗ್ಗದ ಗುಂಡೀಲಿ ಕುಂತಿದ್ದ ನಿಜ. ಆದ್ರೆ ಕಾಲು ಸುಮ್ನಿತ್ತಾ? ಹಗ್ಲೆಲ್ಲಾ ಮೆಟ್ಟು ತುಳೀತಾ ಇತ್ತು. ಆಮ್ಯಾಕೆ ಏನಾಯ್ತು? ಮಗ್ಗ ಹೋಯ್ತು, ಕೂರೋದು ಮಾತ್ರ ಉಳ್ಕಂತು!" ಈ ಮಾತನ್ನು ಅವನು ಹೇಳುತ್ತಿದ್ದದ್ದು ವಿಶೇಷವಾಗಿ ನಮ್ಮ ಅಪ್ಪನ ಕಡೆ ನೋಡಿಕೊಂಡು. ಅಪ್ಪನಿಗೆ ಕಲ್ಯಾಣದುರ್ಗದಲ್ಲಿ ಸೀರೆ ಅಂಗಡಿ. ಗಾದಿಯ ಮೇಲೆ, ದಿಂಬಿಗೆ ಒರಗಿ, ಬೆಳಗಿನಿಂದ ಸಂಜೆಯವರೆಗೆ ಕೂತೇ ವ್ಯಾಪಾರ. ಅಪ್ಪ ನಗುತ್ತಾ, "ನಾನು ವಾಕಿಂಗ್ ಹೋದ್ರೆ ಸೀರೆ ಉಡಿಸಿ ತೋರ್ಸೋಕೆ ನೀನು ಬತ್ತೀಯೇನಯ್ಯ?" ಎನ್ನುತ್ತಿದ್ದರು.

ಅಂಗಡಿಗೆ ಬೈಕಿನಲ್ಲಿ ಬಂದು, ಇಳಿಯದೆ, ಹಾರನ್ ಹೊಡೆದು ಮಾತ್ರೆ ಕೇಳುವವರೆಂದರೆ ಮಾವನಿಗೆ ಆಗುತ್ತಿರಲಿಲ್ಲ. ಒಬ್ಬ ಯುವಕ ಒಂದು ಕಾಲನ್ನು ಮೆಟ್ಟಿಲ ಮೇಲೆ ಊರಿ, ಎಂಜಿನ್ನೂ ಆರಿಸದೆ ಕೂಗಿದ: "ಅಣ್ಣಾ, ತಲೆನೋವು ಮಾತ್ರೆ ಎರಡು ಕೊಡಣ್ಣಾ, ತ್ವರಗಾ!"

"ತಲೆನೋವು ಯಾರಿಗಪ್ಪಾ? ನಿಂಗಾ, ಗಾಡಿಗಾ?"

"ನಂಗೇ ಅಣ್ಣಾ."

"ನಿಂಗಾದ್ರೆ ಇಳ್ದು ಬಾ. ಗಾಡಿಗಾದ್ರೆ ಆ ಮೂಲೇಲಿ ಮೆಕ್ಯಾನಿಕ್ ಅವ್ನೆ, ಅಲ್ಲಿಗೆ ಹೋಗು!"

ಇಳಿದು ಬಂದರೂ ಬಿಡುಗಡೆ ಇಲ್ಲ. ಗಾಡಿಯನ್ನು ಬೀದಿಯ ತುದಿಯ ಹುಣಸೆಮರದ ಕೆಳಗೆ ನಿಲ್ಲಿಸಿ ನಡೆದು ಬರಬೇಕು! ಆ ಯುವಕ ಗೊಣಗುತ್ತಲೇ ಹೋಗಿ ನಿಲ್ಲಿಸಿ ಬಂದ. ಬರುವಷ್ಟರಲ್ಲಿ ಅವನ ತಲೆನೋವು ಹೋಗಿತ್ತು ಎಂದು ಮಾವ ಇವತ್ತಿಗೂ ಸಾಧಿಸುತ್ತಾನೆ. ಹೋಗಿದ್ದು ತಲೆನೋವಲ್ಲ, ಗಿರಾಕಿ ಎಂದು ತಂಗಿ. ಈ ವಿಷಯದಲ್ಲಿ ನಾನು ತಂಗಿಯ ಕಡೆ.

ಮಾವನ ಮದುವೆಗೂ ಇದೇ ಹುಚ್ಚು ಅಡ್ಡ ಬಂತು. ಕೊಡಿಕೊಂಡದ ಚೆಕ್‌ಪೋಸ್ಟ್ ಹತ್ತಿರ ಢಾಬಾ ಇಟ್ಟಿದ್ದವರ ಮನೆಗೆ ಹೆಣ್ಣು ನೋಡಲು ಹೋಗಿದ್ದೆವು. ಅಪ್ಪ, ಅಮ್ಮ, ಮಾವ ಮತ್ತು ನಾನು. (ತಂಗಿಯ ಪ್ರಕಾರ ನಾನು ಹೋಗಿರಲೇ ಇಲ್ಲ, ಜ್ವರ ಬಂದು ಮಲಗಿದ್ದೆ, ಹೋಗಿದ್ದವಳು ಅವಳು. ಹಾಗಾದರೆ ಆ ಮನೆಯ ಮೆಣಸಿನಕಾಯಿ ಬೋಂಡಾದ ರುಚಿ ನನ್ನ ನಾಲಿಗೆಯ ಮೇಲೆ ಹೇಗಿದೆ? "ನಾನೇ ಕಟ್ಟಿಸ್ಕಂಡು ಬಂದು ನಿಂಗೆ ಕೊಟ್ಟಿದ್ದೆ" ಅನ್ನುತ್ತಾಳೆ.) ಹುಡುಗಿ ಬಂದು ಕಾಫಿ ಕೊಟ್ಟಳು. ಅವರ ಕಡೆಯ ಹಿರಿಯರೊಬ್ಬರು ಪದ್ಧತಿಯಂತೆ, "ಹುಡುಗಿ ಒಸಿ ನಡೀಲಿ, ಗಂಡಿನೋರು ನೋಡ್ಕಳ್ಳಿ" ಎಂದರು. ಮಾವ ಹುಡುಗಿಯ ಕಡೆ ನೋಡುತ್ತಲೇ ಇರಲಿಲ್ಲ. ಬಾಳೆಹಣ್ಣಿನ ತಟ್ಟೆ ಹಿಡಿದು ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ ಹುಡುಗಿಯ ಅಪ್ಪನನ್ನೇ ದಿಟ್ಟಿಸುತ್ತಿದ್ದ.

"ಹುಡುಗಿ ಬ್ಯಾಡಿ. ಯಜಮಾನ್ರು ಒಂದ್ಸಲ ಆ ಬೇವಿನ ಮರದ ಗಂಟ ನಡ್ದು ಬರ್ಲಿ," ಅಂದ.

ಹಿರಿಯರು ಚೇತರಿಸಿಕೊಂಡು ಕೇಳಿದರು: "ಏನಪ್ಪಾ, ನೀನು ಹೆಣ್ಣು ನೋಡಾಕೆ ಬಂದ್ಯೋ, ಹೆಣ್ಣಿನಪ್ಪನ್ನ ನೋಡಾಕೆ ಬಂದ್ಯೋ?"

"ಹುಡುಗಿ ವಿಷ್ಯ ಏನೂ ತಕರಾರಿಲ್ಲ. ಅಪ್ಪನ ವಿಷ್ಯದಾಗೇ ನಂಗೆ ಡೌಟು."

ಸಂಬಂಧ ಅಲ್ಲಿಗೇ ಮುರಿಯಿತು, ಮಾವ ಒಂಟಿಯಾಗೇ ಉಳಿದ. ಸ್ವಲ್ಪ ದಿನಕ್ಕೆ ಆ ಢಾಬಾ ಯಜಮಾನರೇ ಬಿಪಿ ಮಾತ್ರೆಗೆಂದು ಹಿಂದೂಪುರಕ್ಕೆ ಬಂದರು, ಅದೂ ಬಸ್‌ಸ್ಟ್ಯಾಂಡಿನಿಂದ ಆಟೋ ಹತ್ತದೆ! ಅಳಿಯನಾಗಿ ಬೇಡವಾದವನು ಔಷಧಿಗೆ ಬೇಕಾದ. ಆದರೆ ಹೆಣ್ಣು ನೋಡಿ ವಾಪಸು ಬರುವ ಬಸ್ಸಿನಲ್ಲಿ ಅಮ್ಮನ ಸಿಟ್ಟು ಹೇಳತೀರದು. "ನಿಂಗೆ ಹೆಣ್ಣು ಹುಡ್ಕಿದ್ದೇ ತಪ್ಪು ಕಣ್ಲಾ. ಒಂದು ಒಳ್ಳೇ ರೋಡ್ ನೋಡಿ ತಾಳಿ ಕಟ್ಸಿದ್ರೆ ಮುಗ್ದೋಗ್ತಿತ್ತು!"

ಇನ್ನು 'ನಡಕ'ದ ಕಥೆ. ಮಾವನ ಕನ್ನಡ ನಮ್ಮ ಕಡೆಯ ಎಲ್ಲರ ಕನ್ನಡದಂತೆ ತೆಲುಗಿನ ಒಗ್ಗರಣೆ ಬಿದ್ದ ಕನ್ನಡ. ನಡಿಗೆಗೆ ಅವನು ತೆಲುಗಿನ 'ನಡಕ' ಎಂಬ ಮಾತನ್ನೇ ಬಳಸುತ್ತಿದ್ದ. ಗಡಿಯಾಚೆ ಗೌರಿಬಿದನೂರು ಕಡೆಯ ಹಳ್ಳಿಯ ಗೌಡರೊಬ್ಬರು ಸಕ್ಕರೆ ಕಾಯಿಲೆಯ ಚೀಟಿ ಹಿಡಿದು ಬಂದರು. ಅಪ್ಪಟ ಕನ್ನಡದ ಮನುಷ್ಯ. ಮಾವ ಮಾತ್ರೆ ಕೊಟ್ಟು, ಕೌಂಟರಿನ ಮೇಲೆ ಬಾಗಿ, ಗುಟ್ಟು ಹೇಳುವವನಂತೆ ಹೇಳಿದ: "ಬರೀ ಮಾತ್ರೆ ಸಾಲ್ದು ಗೌಡ್ರೇ. ಬೆಳಿಗ್ಗೆ ಸಾಯಂಕಾಲ ಚೆನ್ನಾಗಿ ನಡಕ ಇರ್ಬೇಕು. ಮೈಯೆಲ್ಲಾ ಬೆವರ್ಬೇಕು." ಗೌಡರು ಗಂಭೀರವಾಗಿ ತಲೆಯಾಡಿಸಿ ಹೋದರು.

ಕೆಲವು ದಿನ ಬಿಟ್ಟು ಮತ್ತೆ ಬಂದರು. ಸುಡುಬಿಸಿಲು. ಗೌಡರ ಮೈಮೇಲೆ ಕಂಬಳಿ!

"ಏನ್ ಗೌಡ್ರೇ, ನಡಕ ಹೆಂಗೈತೆ?"

"ಎಲ್ಲಿ ಬತ್ತೈತೆ ಸಾಮೀ? ನೀವು ಹೇಳ್ದಂಗೆ ಎರಡು ಹೊತ್ತೂ ಕಂಬ್ಳಿ ಹೊದ್ಕಂಡು ಕಾಯ್ಕಂಡು ಕುಂತಿರ್ತೀನಿ. ಬೆವರೇನೋ ಧಾರಾಳ. ನಡುಕ ಮಾತ್ರ ಒಂಚೂರೂ ಬರ್ನಿಲ್ಲ. ಮಾತ್ರೆ ಪವರ್ ಸಾಲ್ದೇನೋ, ಒಸಿ ದೊಡ್ಡದು ಕೊಟ್ಬುಡಿ!"

ನಡಿಗೆ ಹೇಳಿದರೆ ನಡುಕಕ್ಕೆ ಕಾದು ಕೂತವರನ್ನು ಏನು ಮಾಡುವುದು? ಒಂದು ಅಕ್ಷರದ ಕೆಳಗಿನ ಕೊಂಬು ಒಬ್ಬ ಮನುಷ್ಯನನ್ನು ಕಂಬಳಿಯೊಳಗೆ ಕೂರಿಸಿತ್ತು. ಇನ್ನು ಮುಂದೆ ಮಾತನ್ನು ನಂಬಬಾರದು, ಚಿತ್ರ ಬರೆಯಬೇಕು ಎಂದು ಮಾವ ಅವತ್ತೇ ತೀರ್ಮಾನಿಸಿದ. ಓದಲು ಬಾರದವರಿಗೆಂದು ಮಾತ್ರೆಯ ಕವರಿನ ಮೇಲೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದುಕೊಡುವುದು ಅವನ ಅಂಗಡಿಯಲ್ಲಿ ಮೊದಲಿನಿಂದಲೂ ಇತ್ತು. ಈಗ ಸೂರ್ಯ ಚಂದ್ರರ ನಡುವೆ ಎರಡು ಪಾದ ಬರೆಯತೊಡಗಿದ. ಸೂರ್ಯ ಬಂದಾಗ ಒಂದು ಮಾತ್ರೆ ನುಂಗು, ಚಂದ್ರ ಬರುವುದರೊಳಗೆ ನಡೆ, ಎಂದು ಅರ್ಥ. ಸ್ಕೆಚ್ ಪೆನ್ನಿನಲ್ಲಿ ಐದೈದು ಬೆರಳೂ ಎಣಿಸಿ ಬರೆದ ಸೊಗಸಾದ ಪಾದಗಳು. ಇದರಲ್ಲಿ ತಪ್ಪು ತಿಳಿಯಲು ಏನಿದೆ?

ಇತ್ತು. ಲೇಪಾಕ್ಷಿ ಕಡೆಯಿಂದ ಒಬ್ಬ ಅಜ್ಜಿ ಮಂಡಿನೋವಿಗೆ ಮಾತ್ರೆ ಒಯ್ದಿದ್ದಳು. ಲೇಪಾಕ್ಷಿಯಲ್ಲಿ ಬಂಡೆಯ ಮೇಲೆ ದೊಡ್ಡದೊಂದು ಹೆಜ್ಜೆಗುರುತಿದೆ, ಸೀತಮ್ಮನ ಪಾದ ಎಂದು ಜನ ಕೈ ಮುಗಿಯುತ್ತಾರೆ. ಅದರ ಪಕ್ಕದಲ್ಲೇ ಹುಟ್ಟಿ ಬೆಳೆದ ಅಜ್ಜಿಯ ಕೈಗೆ ಎರಡು ಪಾದ ಬರೆದ ಕವರು ಕೊಟ್ಟರೆ ಏನಾದೀತು? ಮುಂದಿನ ಸಲ ಬಂದಾಗ ಸೆರಗಿನ ಗಂಟಿನಿಂದ ಕವರು ತೆಗೆದಳು. ಅದರ ಮೇಲೆ ಅರಿಶಿನ, ಕುಂಕುಮ! ಒಳಗಿನ ಮಾತ್ರೆ ಒಂದೂ ಕದಲಿರಲಿಲ್ಲ.

"ಯಾಕಜ್ಜೀ, ಮಾತ್ರೆ ಹಂಗಂಗೇ ಅವಲ್ಲಾ?"

"ಅಮ್ಮೋರ ಪಾದ ಇರೋ ಕವರ್ನ ಹರಿಯಾಕಾಯ್ತದಾ ಸಾಮೀ? ದೇವ್ರ ಗೂಡಲ್ಲಿ ಮಡಗಿ ದಿನಾ ಹೂವ ಏರಿಸ್ತೀನಿ."

"ಅಯ್ಯೋ ನಿನ್ನ! ಮಂಡಿನೋವು ಹೆಂಗೈತೆ?"

"ವಾಸಿ ಆಗ್ಬುಡ್ತಲ್ಲಾ!"

ವಿಚಾರಿಸಿದರೆ, ಮಾವ ಬರೆದ ಪಾದಕ್ಕೆ ಏರಿಸಲು ಕಣಗಿಲೆ ಹೂವು ಬೇಕೆಂದು ಅಜ್ಜಿ ದಿನಾ ಊರಾಚೆಯ ಬಾವಿಯ ತನಕ ನಡೆದು ಹೋಗಿ ಬರುತ್ತಿದ್ದಳು. ಮಾವ ಕುಣಿದಾಡಿಬಿಟ್ಟ. ರಜೆಗೆ ಬಂದಿದ್ದ ನನ್ನನ್ನು ಹಿಡಿದು ನಿಲ್ಲಿಸಿ, "ನೋಡ್ದೇನ್ಲಾ? ಮಾತ್ರೆ ಮುಟ್ಲಿಲ್ಲ, ನೋವು ಹೋಯ್ತು!" ಎಂದ. ಆಗಷ್ಟೇ ಸಂಖ್ಯಾಶಾಸ್ತ್ರದ ನಶೆ ಏರಿದ್ದ ನಾನು ಸುಮ್ಮನಿರಬೇಕಲ್ಲ! "ಮಾವ, ಒಂದು ಅಜ್ಜಿಯನ್ನಿಟ್ಟುಕೊಂಡು ಏನೂ ಸಾಬೀತು ಮಾಡೋಕಾಗಲ್ಲ," ಎಂದೆ.

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಸಾಲ್ದಾ? ಮತ್ತೆ ನಿಂಗೆ ಎಷ್ಟು ಜನ ಅಜ್ಜೀರು ಬೇಕು?"

ಈ ಪ್ರಶ್ನೆಗೆ ಎಷ್ಟೋ ವರ್ಷ ತರಗತಿಗಳಲ್ಲಿ ಬೋರ್ಡಿನ ತುಂಬ ಉತ್ತರ ಬರೆದಿದ್ದೇನೆ. ಬರೆಯುವಾಗಲೆಲ್ಲ ನಗು ಬರುತ್ತದೆ.

ಮಾತು ಕೈಕೊಟ್ಟಿತು, ಚಿತ್ರ ದೇವರಾಯಿತು. ಕೊನೆಗೆ ಮಾವ ಹಿಡಿದದ್ದು ಮೋಸದ ದಾರಿ. ಜ್ವರದವರಿಗೆ, ಮಕ್ಕಳಿಗೆ, ಎದೆನೋವಿನವರಿಗೆ ಬೇಕಾದ್ದನ್ನು ಒಂದೇ ಸಲ ಕೊಡುತ್ತಿದ್ದ; ಆ ವಿಷಯದಲ್ಲಿ ಅವನ ತಲೆ ನೆಟ್ಟಗಿತ್ತು. ಬಿಪಿ, ಸಕ್ಕರೆಯವರು ತಿಂಗಳ ಮಾತ್ರೆ ಕೇಳಿದರೆ ಮಾತ್ರ ಕತ್ತರಿಯಿಂದ ಸ್ಟ್ರಿಪ್ಪನ್ನು ಕತ್ತರಿಸಿ ಒಂದೆರಡು ದಿನದ್ದು ಕೊಟ್ಟು, ಮುಖ ಸಪ್ಪೆ ಮಾಡಿಕೊಂಡು, "ಸ್ಟಾಕ್ ಲೇದಮ್ಮಾ, ನಾಳಿದ್ದು ಬಾ" ಎನ್ನುತ್ತಿದ್ದ. ಹಿಂದಿನ ಕಪಾಟಿನಲ್ಲಿ ಅದೇ ಮಾತ್ರೆಯ ಡಬ್ಬಿಗಳು ಸೂರು ಮುಟ್ಟುತ್ತಿದ್ದವು! ಜನ ಬೈದುಕೊಂಡೇ ನಡೆದು ಬರುತ್ತಿದ್ದರು. ಬಂದವರು ಎರಡು ಮಾತಾಡುತ್ತಿದ್ದರು, ಮಗಳ ಬಾಣಂತನ, ಹಸುವಿನ ಕರು, ಎದುರು ಮನೆಯವರ ಜಗಳ. ಸಂಜೆ ಹೊತ್ತು ಆ ಬೆಂಚಿಲ್ಲದ ಅಂಗಡಿಯ ಮುಂದೆ ನಿಂತುಕೊಂಡೇ ಹರಟುವ ಜನರ ಗುಂಪು, ಯೂಕಲಿಪ್ಟಸ್ ಎಣ್ಣೆಯ ವಾಸನೆ, ಪಕ್ಕದ ಕಟಿಂಗ್ ಶಾಪಿನ ರೇಡಿಯೋ... ಇದನ್ನೆಲ್ಲ ತಂಗಿಯೂ ಒಪ್ಪುತ್ತಾಳೆ. ರೇಡಿಯೋ ಅಲ್ಲ, ಟೇಪ್ ರೆಕಾರ್ಡರ್ ಅನ್ನುತ್ತಾಳೆ, ಅಷ್ಟೇ.

ಆಮೇಲೆ ಕಾಲ ಬದಲಾಯಿತು. ಫೋನಿನಲ್ಲಿ ಬೆರಳು ಒತ್ತಿದರೆ ಮಾತ್ರೆ ಮನೆಬಾಗಿಲಿಗೆ ಬರತೊಡಗಿತು. ಕಾಲಿನ ಕೆಲಸವನ್ನು ಬೆರಳು ಮಾಡತೊಡಗಿದ ಮೇಲೆ ಮಾವನ ಅಂಗಡಿಗೆ ಯಾರು ಬರುತ್ತಾರೆ? ಹೊಸಬರು ಬರಲಿಲ್ಲ, ಹಳಬರು ಒಬ್ಬೊಬ್ಬರಾಗಿ ಕಡಿಮೆಯಾದರು.

ಅದೇ ಸಮಯಕ್ಕೆ ಅಪ್ಪ ಹೋದರು. ಸೀರೆ ಅಂಗಡಿಯ ಗಾದಿಯ ಮೇಲೆ ಮಧ್ಯಾಹ್ನ ದಿಂಬಿಗೆ ಒರಗಿದವರು ಮತ್ತೆ ಕಣ್ಣು ತೆರೆಯಲಿಲ್ಲ.

ನಮ್ಮ ಕಡೆ ಗಂಡ ಸತ್ತ ಮೇಲೆ ಹೆಂಗಸನ್ನು ತವರಿನವರು ಕರೆದೊಯ್ದು ಒಂದು ರಾತ್ರಿ ನಿದ್ದೆ ಮಾಡಿಸಿ ಕಳಿಸುವುದು ಪದ್ಧತಿ. ಮಾವ ಅಮ್ಮನನ್ನು ಹಿಂದೂಪುರಕ್ಕೆ ಕರೆದುಕೊಂಡು ಹೋದ, ಮರುದಿನ ತಂದು ಬಿಟ್ಟ. ಅಷ್ಟೇ. ಅದಾದ ಮೇಲೆ ಅಮ್ಮ ಹೊಸ್ತಿಲು ದಾಟಲಿಲ್ಲ. ಜೊತೆಯಲ್ಲೇ ಇದ್ದ ತಂಗಿ ಬೆಳಿಗ್ಗೆ ಕಂಬದೂರಿನ ಶಾಲೆಗೆ ಪಾಠ ಮಾಡಲು ಹೋದರೆ ಸಂಜೆಗೆ ಬರುತ್ತಿದ್ದಳು. ಅಮ್ಮ ಬೆಳಿಗ್ಗೆ ಕೂತ ಕಡೆಯಲ್ಲೇ ಸಂಜೆಗೂ ಇರುತ್ತಿದ್ದಳು. ನಾನು ವಾರಕ್ಕೊಮ್ಮೆ ಹೋಗಿ ಕರೆದೆ, ಬೇಡಿಕೊಂಡೆ, ರೇಗಿದೆ. "ಹೋಗೋದಾದ್ರೂ ಎಲ್ಲಿಗಪ್ಪಾ? ಯಾರ್ನ ನೋಡಾಕೆ?" ಎನ್ನುತ್ತಿದ್ದಳು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಮಾವನಲ್ಲಿ ಇತ್ತು! ಹಿಂದೂಪುರದ ಅಂಗಡಿ ಮುಚ್ಚಿ, ಕಪಾಟುಗಳನ್ನೆಲ್ಲ ಲಗೇಜ್ ಆಟೋಗೆ ಹೇರಿಕೊಂಡು ಕಲ್ಯಾಣದುರ್ಗಕ್ಕೆ ಬಂದೇಬಿಟ್ಟ. ಅಂಗಡಿ ಹಿಡಿದ ಜಾಗ ನೋಡಿ ನಾನು ತಲೆ ಚಚ್ಚಿಕೊಂಡೆ. ಆಸ್ಪತ್ರೆಗಳು ಒಂದು ದಿಕ್ಕು, ಬಸ್‌ಸ್ಟ್ಯಾಂಡ್ ಇನ್ನೊಂದು ದಿಕ್ಕು, ಇವನ ಅಂಗಡಿ ಮನೆಗಳ ಬೀದಿಯೊಂದರ ಕೊನೆಯಲ್ಲಿ.

"ಮಾವ, ಇಲ್ಲಿಗೆ ಗಿರಾಕಿ ಎಲ್ಲಿಂದ ಬರ್ತಾರೆ?"

"ನಿಮ್ಮನೆಯಿಂದ ಇಲ್ಲೀಗಂಟ ನಡ್ದು ನೋಡೇ ಜಾಗ ಹಿಡ್ದಿದ್ದು ಕಣ್ಲಾ. ದಾರೀಲಿ ಒಂದೂ ಲಾರಿ ಬರಲ್ಲ, ಅಲ್ಲಲ್ಲಿ ನೆಳ್ಳೂ ಐತೆ."

"ಅದು ಸರಿ, ಗಿರಾಕಿ?"

"ನಂಗೆ ಒಬ್ಳು ಬಂದ್ರೆ ಸಾಕು."

ಆ ಒಬ್ಬಳು ಬರಬೇಕಲ್ಲ! ಅಮ್ಮನ ಬಿಪಿ ಮಾತ್ರೆ ಮುಗಿದಾಗ ತಂಗಿ ಮಾವನ ಅಂಗಡಿಗೆ ಹೋದಳು. "ಪೇಷಂಟೇ ಬರ್ಲಿ" ಎಂದ. ತಂಗಿ ಸಿಟ್ಟಿನಿಂದ ಬೇರೆ ಅಂಗಡಿಗಳಿಗೆ ಹೋದಳು. ಅವತ್ತು ರಾತ್ರಿ ನನಗೆ ಬಂದ ಫೋನು ನೆನಪಿದೆ. "ಅಣ್ಣಾ, ಊರೆಲ್ಲಾ ಸುತ್ತಿದೆ! ಒಬ್ಬ ಸ್ಟಾಕ್ ಇಲ್ಲ ಅಂದ. ಇನ್ನೊಬ್ಬ ಲೇದಮ್ಮಾ ಅಂದ. ಇನ್ನೊಬ್ಬ ನನ್ ಮುಖ ನೋಡಿದ್ದೇ ತಡ, 'ನಿಮ್ಮ ಮಾವ ಬಂದು ಹೇಳಿ ಹೋಗವ್ರೆ, ಅಮ್ಮನ್ನ ನಡ್ಕಂಡು ಆ ಅಂಗ್ಡಿಗೇ ಹೋಗಾಕೆ ಹೇಳಮ್ಮಾ' ಅಂದ!" ಮಾವ ಊರಿನ ಔಷಧಿ ಅಂಗಡಿಯವರನ್ನೆಲ್ಲ ಕಂಡು, ಕೈ ಮುಗಿದು, ತನ್ನ ಅಕ್ಕನಿಗೆ ಮಾತ್ರೆ ಕೊಡಬಾರದೆಂದು ಒಪ್ಪಿಸಿಬಂದಿದ್ದ. ಯಾವ ವ್ಯಾಪಾರಿಯಾದರೂ ಎದುರಾಳಿಗಳ ಬಳಿ ಹೀಗೆ ಬೇಡಿಕೊಂಡದ್ದುಂಟೇ!

ಆದರೆ ಹಠದಲ್ಲಿ ಅಮ್ಮ ನಿಜಕ್ಕೂ ಅವನಿಗೆ ಅಕ್ಕ. "ಹಂಗಾ? ಹಂಗಾದ್ರೆ ನಂಗೆ ಮಾತ್ರೇನೇ ಬ್ಯಾಡ" ಎಂದು ಗೋಡೆಗೆ ಒರಗಿದಳು. ಮಾವ ಮರುದಿನ ಮಧ್ಯಾಹ್ನದವರೆಗೆ ತಡೆದುಕೊಂಡ. ಆಮೇಲೆ ಅಂಗಡಿಗೆ ಬಾಗಿಲೂ ಹಾಕದೆ ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಬಿಪಿ ಮಿಷನ್ನು ಹಿಡಿದು ಆಟೋದಲ್ಲಿ ಬಂದಿಳಿದ. ಅಮ್ಮ ತೋಳು ಚಾಚಿದಳು. ಬಿಪಿ ಸರಿಯಾಗೇ ಇತ್ತು. ಏರಿದ್ದು ಮಾವನದು!

ಸೋತ ಸಿಟ್ಟಿಗೆ ಮಾವ ಇನ್ನೊಂದು ಶಪಥ ಮಾಡಿದ: ಅಕ್ಕ ತನ್ನ ಅಂಗಡಿಗೆ ಬರುವವರೆಗೆ ಅಕ್ಕನ ಮನೆಯಲ್ಲಿ ಉಣ್ಣುವುದಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ, ಮೆಸ್ಸಿನಲ್ಲಿ ಊಟ. ಅಮ್ಮನಿಗೆ ಇದನ್ನು ತಡೆಯಲು ಆಗಲಿಲ್ಲ. ಮನೆಯ ಮುಂದೆ ಓಡಾಡುವ ಆಟೋದವನ ಕೈಯಲ್ಲಿ ಕ್ಯಾರಿಯರ್ ಕಳಿಸತೊಡಗಿದಳು. ಬಿಸಿ ರಾಗಿಮುದ್ದೆ, ಹುರುಳಿಕಾಳಿನ ಸಾರು. ಆಟೋದವನೋ, ದಾರಿಯಲ್ಲಿ ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಂಡು, ಇಳಿಸಿ, ಊರು ಸುತ್ತಿ ತಲುಪಿಸುವವನು. ಮೂರನೇ ದಿನವೋ ನಾಲ್ಕನೇ ದಿನವೋ ಖಾಲಿ ಕ್ಯಾರಿಯರ್ ಜೊತೆಗೆ ಒಂದು ಮಾತನ್ನೂ ತಂದ. "ಅಮ್ಮಾ, ಸಾರು ಬಾಗುಂದಂಟ. ಸಂಗಟಿ ಮಾತ್ರ ಕಲ್ಲಾಗಿತ್ತಂತೆ."

ಬಾಗುಂದಂಟ ಎಂದರೆ ಚೆನ್ನಾಗಿತ್ತಂತೆ, ಸಂಗಟಿ ಎಂದರೆ ತೆಲುಗಿನವರ ಮುದ್ದೆ. ಅಮ್ಮ ಎದ್ದು ನಿಂತಳಂತೆ. "ಏನಂದ? ಇನ್ನೊಂದ್ಸಲ ಹೇಳು. ನನ್ ಮುದ್ದೆ ಕಲ್ಲಾ?"

ಮರುದಿನ ಮಧ್ಯಾಹ್ನ ನಮ್ಮ ಬೀದಿಯ ಜಗಲಿಗಳಲ್ಲಿ ಕೂತಿದ್ದ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಎಷ್ಟೋ ತಿಂಗಳಿಂದ ಕಾಣದ ಅಮ್ಮ, ಬಟ್ಟೆ ಸುತ್ತಿದ ಕ್ಯಾರಿಯರನ್ನು ಎದೆಗವಚಿಕೊಂಡು, ಯಾರ ಕಡೆಯೂ ನೋಡದೆ, ಸರಸರ ನಡೆದು ಹೋಗುತ್ತಿದ್ದಳು! ಅಂಗಡಿ ತಲುಪಿದವಳೇ ಡಬ್ಬಿಯ ಮುಚ್ಚಳ ತೆಗೆದು ಕೌಂಟರಿನ ಮೇಲಿಟ್ಟಳು. "ಬೆರಳಿಕ್ಕಿ ನೋಡ್ಲಾ! ಸುಡ್ತದೋ ಇಲ್ವೋ ಹೇಳು!" ಮಾವ ಬೆರಳಿಟ್ಟ. ಸುಟ್ಟಿತು. ಅವನ ಕಣ್ಣಲ್ಲಿ ನೀರು ಬಂದದ್ದು ಬಿಸಿಗೆ ಎಂದು ಅವನೇ ಹೇಳಿದ್ದಾನೆ.

ಅಂತೂ ಮಾತ್ರೆಗೆ ಏಳದ ಕಾಲು ಮುದ್ದೆಗೆ ಎದ್ದಿತು! ಅದೆಲ್ಲ ತನ್ನ ಪ್ಲಾನು ಎಂದು ಮಾವ ಈಗಲೂ ಮೀಸೆ ತಿರುವುತ್ತಾನೆ. ಹಾಗಾದರೆ ಮುದ್ದೆ ನಿಜವಾಗಿ ಆರಿತ್ತೋ, ಇವನೇ ಕಟ್ಟಿದ ಸುಳ್ಳೋ? ಎಷ್ಟು ಕೇಳಿದರೂ ಬಾಯಿ ಬಿಡುವುದಿಲ್ಲ. ಅವತ್ತಿನಿಂದ ಮಧ್ಯಾಹ್ನದ ಕ್ಯಾರಿಯರ್ ಅಮ್ಮನದೇ ಕೆಲಸವಾಯಿತು. ಅಮ್ಮನ ಮುಖಕ್ಕೆ ಬಣ್ಣ ಬಂತು, ಜಗಲಿಯ ಹೆಂಗಸರ ಜೊತೆ ಮಾತು ಬಂತು. ಗೆದ್ದವನು ಮಾವ ಎಂದೇ ನಾವೆಲ್ಲ ತಿಳಿದಿದ್ದೆವು.

ಮೊನ್ನೆ ಬೇಸಿಗೆ ರಜೆಗೆ ಊರಿಗೆ ಹೋಗಿದ್ದೆ. ಕ್ಯಾರಿಯರ್ ಹಿಡಿದು ಹೊರಟ ಅಮ್ಮನ ಜೊತೆ ನಾನೂ ಹೊರಟೆ. ಹಿಂದಿನ ದಿನ ಮಾವನನ್ನು ನೋಡಿ ಸ್ವಲ್ಪ ಗಾಬರಿಯಾಗಿತ್ತು. ಮೈ ಊದಿದೆ, ಸ್ಟೂಲಿನಿಂದ ಏಳಲು ಕೌಂಟರ್ ಹಿಡಿಯುತ್ತಾನೆ. ವ್ಯಾಪಾರ ಇಲ್ಲದ ಅಂಗಡಿಯಲ್ಲಿ ಹಗಲೆಲ್ಲ ಕೂತೇ ಇರುತ್ತಾನೆ. "ಊರಿಗೆಲ್ಲಾ ಹೇಳ್ತೀಯ, ನೀನೂ ನಡೀಬಾರ್ದಾ ಮಾವ?" ಎಂದು ಕೇಳಿದ್ದೆ. "ಗುಡಿ ಗಂಟೆ ಎಲ್ರುನ್ನೂ ಕರೀತದೆ. ಅದು ಯಾವತ್ತಾದ್ರೂ ಒಳಕ್ಕೆ ಬಂದು ಕೈ ಮುಗ್ದದ್ದು ನೋಡಿದ್ಯೇನ್ಲಾ?" ಎಂದು ಬಾಯಿ ಮುಚ್ಚಿಸಿದ್ದ.

ಅರ್ಧ ದಾರಿಯಲ್ಲಿ ಹಿಟ್ಟಿನ ಗಿರಣಿಯ ಮುಂದೆ ಒಂದು ಹಾಸುಗಲ್ಲಿದೆ. ಅಲ್ಲಿಯವರೆಗೆ ನನಗಿಂತ ಮುಂದೆ ನಡೆಯುತ್ತಿದ್ದ ಅಮ್ಮ ತಟಕ್ಕನೆ ನಿಂತು, ಕ್ಯಾರಿಯರ್ ಇಳಿಸಿ, ಎಡ ಮಂಡಿ ಹಿಡಿದು ಕುಳಿತುಬಿಟ್ಟಳು.

"ಏನಾಯ್ತಮ್ಮಾ?"

"ಮಂಡಿ ಹಿಡ್ಕಂತು ಕಣಪ್ಪಾ."

"ಆಟೋ ಕರೀಲಾ? ಇಲ್ಲಾ ನಾನೇ ಹೋಗಿ ಕ್ಯಾರಿಯರ್ ಕೊಟ್ಟು ಬರ್ಲಾ?"

"ಏನೂ ಬ್ಯಾಡ. ಸುಮ್ಕೆ ಕೂತ್ಕ."

ಗಿರಣಿಯವನು ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಹೊರಗೆ ಬಂದು ನೋಡಿದ. ಗಾಬರಿಯಾಗಲಿಲ್ಲ, ಏನೂ ಕೇಳಲಿಲ್ಲ, ನಕ್ಕು ಒಳಗೆ ಹೋದ. ನನ್ನ ಹುಟ್ಟುಗುಣ ತಲೆಯೆತ್ತಿತು. ಅಮ್ಮನ ಕೈ ನೋಡಿದೆ. ಈಗ ಅದು ಬಲ ಮಂಡಿಯನ್ನು ನೀವುತ್ತಿತ್ತು!

"ಅಮ್ಮಾ, ನೋವು ಯಾವ ಮಂಡಿಗೆ?"

"ಯಾವ್ದಾದ್ರೇನು? ಎರಡೂ ನನ್ನವೇ ಅಲ್ವಾ?"

ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಮಾವ ಅಂಗಡಿಯಿಂದ ತಲೆ ಹೊರಗೆ ಹಾಕಿದ. ಹಣೆಗೆ ಕೈ ಅಡ್ಡ ಹಿಡಿದು ನಮ್ಮ ಕಡೆ ನೋಡಿದ. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದ. ಕೊಡೆ ಬಿಚ್ಚಿ, ಭಾರದ ಮೈಯನ್ನು ಎಡಕ್ಕೂ ಬಲಕ್ಕೂ ಹೊಯ್ದಾಡಿಸುತ್ತಾ ನಡೆಯತೊಡಗಿದ. ಅಮ್ಮ ಅವನ ಮೇಲಿಟ್ಟ ಕಣ್ಣು ಕದಲಿಸದೆ, ಮೆಲ್ಲಗೆ ಹೇಳಿದಳು:

"ಅವ್ನ ಕಾಲು ನೋಡಿದ್ಯಾ? ಸಾಯಂಕಾಲಕ್ಕೆ ಚಪ್ಲಿ ಹಿಡಿಯಲ್ಲ. ಹಗ್ಲೆಲ್ಲಾ ಆ ಸ್ಟೂಲ್ ಮ್ಯಾಲೆ ಕುಂತು ನನ್ ದಾರಿ ಕಾಯ್ತಾನೆ. ನಿಮ್ಮಪ್ಪನೂ ಹಿಂಗೇ ಕುಂತಿದ್ರು, ಕುಂತಂಗೇ ಹೋಗ್ಬುಟ್ರು. ಇವ್ನಿಗೆ ನಡಿ ಅಂದ್ರೆ ನಡೀತಾನಾ? ನಂಗೇ ಪಾಠ ಹೇಳ್ತಾನೆ. ಅದ್ಕೇ ಕೂತ್ಕಂತೀನಿ. ಮೊದ್ಲು ಅಂಗ್ಡಿ ಪಕ್ಕದ ಮನೆ ಜಗಲಿ ಮ್ಯಾಲೆ ಕೂರ್ತಿದ್ದೆ, ಆಮ್ಯಾಕೆ ಆ ನಲ್ಲಿ ಹತ್ರ. ಈಗ ಅವ್ನನ್ನ ಇಲ್ಲೀಗಂಟ ಎಳ್ದಿವ್ನಿ."

ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದೆ. ಮಾವ ನಲ್ಲಿ ದಾಟಿದ್ದ. ಏದುಸಿರಿನ ನಡುವೆಯೇ ಕೂಗುತ್ತಿದ್ದ: "ಅಕ್ಕಾ! ಏಳ್ಬ್ಯಾಡ ಕಣಕ್ಕಾ, ಅಲ್ಲೇ ಇರು! ನಾನೇ ಬತ್ತೀನಿ!"

ಓಡಿಹೋಗಿ ಅವನ ಕೈ ಹಿಡಿಯೋಣವೆಂದು ಎದ್ದೆ. ಅಮ್ಮ ನನ್ನ ಅಂಗಿಯ ತುದಿ ಹಿಡಿದು ಎಳೆದು ಕೂರಿಸಿದಳು.

"ಸುಮ್ಕಿರ್ಲಾ. ಇನ್ನೊಂದು ನಾಕು ಹೆಜ್ಜೆ ಬರ್ಲಿ."